ಅಡಿಕೆ ಸುಲಿದ ಮೇಲೆ ಅಲೆಗೆ

ಆಗುಂಬೆ ಘಾಟಿ ಇಳಿದರೆ ಸಮುದ್ರ. ಆದ್ರೂ 41 ವರ್ಷ ಆಗುವ ತನಕ ನಾನು ಅಲೆಗೆ ಮೊಣಕಾಲು ಬಿಟ್ಟು ಹೆಚ್ಚು ಒಡ್ಡಿದವನಲ್ಲ. ತೀರ್ಥಹಳ್ಳಿ ಹುಡುಗ, ಈಜು ಕಲಿತದ್ದು ತುಂಗೆಯಲ್ಲಿ. ಅಲೆಯ ಮೇಲೆ ಜಾರುವ ಹಲಗೆ, ಸರ್ಫ್ ಬೋರ್ಡ್ ಮೇಲೆ ಮೊದಲು ಎದ್ದು ನಿಂತದ್ದು ಮೂಲ್ಕಿಯಲ್ಲಿ. ಆಮೇಲೆ ಹುಚ್ಚು ಹಿಡಿಯಿತು, ದ್ವೀಪಗಳಿಗೆ ಹೊರಟೆ.

ಯಾವ ದ್ವೀಪ ಅನ್ನೋದನ್ನು ನಮ್ಮ ಅಡಿಕೆ ತೋಟವೇ ಹೇಳಿತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ದೀಪಾವಳಿ ಆದ ಮೇಲೆ ಕೊಯ್ಲು, ಸುಲಿತ. ಬಿಡುವು ಸಿಗೋದೇ ಫೆಬ್ರವರಿಗೆ. ಬಾಲಿಯ ಪಶ್ಚಿಮ ತೀರಕ್ಕೆ ಏಪ್ರಿಲ್‌ನಿಂದ ಅಕ್ಟೋಬರ್ ಒಳ್ಳೇ ಕಾಲ. ಶ್ರೀಲಂಕಾದ ಅರುಗಂ ಬೇಗೆ ಮೇಯಿಂದ ಸೆಪ್ಟೆಂಬರ್. ಅದೇ ಶ್ರೀಲಂಕಾದ ದಕ್ಷಿಣ ತೀರಕ್ಕೆ ನವೆಂಬರ್‌ನಿಂದ ಏಪ್ರಿಲ್. ಸರಿ, ವೆಲಿಗಮಕ್ಕೆ ಹೋದೆ.

ಸಿಂಹಳದಲ್ಲಿ ವೆಲಿ ಅಂದ್ರೆ ಮರಳು, ಗಮ ಅಂದ್ರೆ ಊರು. ಹೆಸರಲ್ಲೇ ಎಲ್ಲ ಇದೆ. ಬಾಗಿದ ಕೊಲ್ಲಿ, ಅಲೆ ಒಳಗೆ ಬರುವಷ್ಟರಲ್ಲಿ ಅರ್ಧ ಸುಸ್ತಾಗಿರುತ್ತದೆ. ಕೆಳಗೆ ಮರಳು. 9 ಅಡಿಯ ಫೋಮ್ ಬೋರ್ಡ್ ಹಿಡಿದು ನೊರೆಯಲ್ಲಿ ಎಷ್ಟು ಸಲ ಬಿದ್ದರೂ ಮೂಗಿಗೆ ಉಪ್ಪುನೀರು ಹೋಗುತ್ತದೆ, ಅಷ್ಟೇ.

ನಾಲ್ಕನೇ ದಿನ ನನಗೆ ಸೊಕ್ಕು ಏರಿತು. ಪಕ್ಕದ ಮಿದಿಗಮಕ್ಕೆ ಹೋಗೋಣ ಎಂದೆ. ಜೊತೆಗಿದ್ದ ಗೈಡ್ ಬೇಡ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿ ಕೆಳಗಿರೋದು ಹವಳದ ದಿಬ್ಬ. ಇಳಿತದ ಹೊತ್ತು, ನೀರು ಸೊಂಟದಷ್ಟೂ ಇರಲಿಲ್ಲ. ಒಂದೇ ಬೀಳು, ಮೊಣಕಾಲಿನ ಚರ್ಮ ಕೊಬ್ಬರಿ ತುರಿದ ಹಾಗೆ ಹೋಯಿತು. ಅಡಿಕೆ ಗೊನೆ ಇಳಿಸುವ ಹೊಸ ಕೊನೆಗಾರನನ್ನು ಯಾರಾದ್ರೂ ಮಳೆಯಲ್ಲಿ ಎತ್ತರದ ಮರ ಹತ್ತಿಸ್ತಾರಾ? ನನ್ನನ್ನು ನಾನೇ ಹತ್ತಿಸಿಕೊಂಡಿದ್ದೆ.

ಅಂದಿನಿಂದ ನಾನು ಮೊದಲು ನೋಡೋದು ಅಲೆಯನ್ನಲ್ಲ, ಬಿದ್ದರೆ ಎಲ್ಲಿ ಬೀಳ್ತೀನಿ ಅನ್ನೋದನ್ನು. ಆಮೇಲೆ ಉಬ್ಬರ, ಇಳಿತ. ಆಮೇಲೆ ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು. ಇದನ್ನು ಹೊಸಬರು ನೋಡೋದೇ ಇಲ್ಲ. ಮುನ್ಸೂಚನೆಯಲ್ಲಿ 3 ಅಡಿ ಅಂತಿರುತ್ತದೆ, ಚಿಕ್ಕದು ಅಂತ ಇಳೀತಾರೆ. 7 ಸೆಕೆಂಡಿನ 3 ಅಡಿ ಬೇರೆ, 14 ಸೆಕೆಂಡಿನ 3 ಅಡಿ ಬೇರೆ. ಎರಡನೆಯದು ದೂರದಿಂದ ಬಂದದ್ದು, ಅದರ ತಳ್ಳು ಜಾಸ್ತಿ. ದಡದಲ್ಲಿ ಒಡೆಯುವಾಗ ಹೇಳಿದ್ದಕ್ಕಿಂತ ಎತ್ತರ ಏಳುತ್ತದೆ.

ಒಂದು ವರ್ಷ ತೋಟ ತಮ್ಮನಿಗೆ ಒಪ್ಪಿಸಿ ಏಪ್ರಿಲ್ ಕೊನೆಗೆ ಬಾಲಿಗೂ ಹೋದೆ. ಕುಟಾದಲ್ಲಿ ಮರಳು, ಆರಾಮ. ಚಂಗು ಕಡೆಯ ಬಾಟು ಬೊಲೊಂಗ್‌ನಲ್ಲಿ ಉದ್ದ ಬೋರ್ಡಿಗೆ ಹೇಳಿ ಮಾಡಿಸಿದ ಮೆತ್ತನೆ ಅಲೆ, ಆದರೆ ಜನ ಜಾತ್ರೆಯ ಹಾಗೆ. ಉಲುವಾಟುವಿನಲ್ಲಿ ಗುಹೆಯೊಳಗಿಂದ ಸಮುದ್ರಕ್ಕೆ ಇಳಿಯಬೇಕು, ಅದೇ ಗುಹೆಗೆ ವಾಪಸ್ ಬರಬೇಕು. ನೀರಿನ ಸೆಳೆತಕ್ಕೆ ಗುಹೆಯ ಬಾಯಿ ತಪ್ಪಿದರೆ ಸುತ್ತಿಕೊಂಡು ಮತ್ತೆ ಬರಬೇಕು. ನಾನು ಮೇಲೆ ಬಂಡೆಯ ಅಂಚಲ್ಲಿ ಕೂತು ಎಳನೀರು ಕುಡಿದೆ. ನಾಚಿಕೆ ಏನೂ ಆಗಲಿಲ್ಲ.

ಈ ಸಲ ಅಕ್ಕನ ಮಗ ನಾನೂ ಬರ್ತೀನಿ ಅಂತಿದ್ದಾನೆ. ಫೋನಲ್ಲಿ ಬಾಲಿಯ ಪದಾಂಗ್ ಪದಾಂಗ್‌ನ ಸುರುಳಿ ಅಲೆ ತೋರಿಸಿ, "ಇಲ್ಲಿಗೇ ಹೋಗೋಣ ಮಾಮ" ಎಂದ. ಈಜು ಬರುತ್ತಾ ಅಂತ ಕೇಳಿದೆ. ಸುಮ್ನೆ ನಕ್ಕ. ಭಾನುವಾರ ಹೊಳೆಗೆ ಕರ್ಕೊಂಡು ಹೋಗಬೇಕು.