ಗ್ರಾಜ್‌ನಲ್ಲಿ ಒಂದು ಲೇಸರ್ ರಾತ್ರಿ

ಆಸ್ಟ್ರಿಯಾದ ಗ್ರಾಜ್ ಊರಿನ ಪೂರ್ವದ ಅಂಚಿನಲ್ಲಿ ಲುಸ್ಟ್‌ಬ್ಯೂಲ್ ಎಂಬ ಗುಡ್ಡವಿದೆ. ಉಪಗ್ರಹಗಳಿಗೆ ಲೇಸರ್ ಹೊಡೆದು ದೂರ ಅಳೆಯುವ ಕೇಂದ್ರ ಇರುವುದು ಅಲ್ಲೇ. ರಾತ್ರಿ ಪಾಳಿಯಲ್ಲಿದ್ದ ಗೆಳೆಯ, "ಬಾರೋ, ನೀನೂ ಕೋಡ್ ಬರೆಯೋನು, ನೋಡಿದ್ರೆ ಖುಷಿ ಪಡ್ತೀಯ" ಅಂದ. ಹೋದೆ. ಹೊರಗೆ ಹಸಿರು ಗೆರೆಯೊಂದು ಆಕಾಶಕ್ಕೆ ಚಾಚಿತ್ತು. ನೋಡೋಕೆ ಭರ್ಜರಿ. ಆದರೆ ಸ್ವಲ್ಪ ಹೊತ್ತಿಗೇ ನನ್ನ ಗಮನ ಒಳಗಿನ ಮಾನಿಟರ್‌ಗಳ ಕಡೆ ಹೋಯಿತು.

ಆಗ ಗುರಿಯಲ್ಲಿದ್ದದ್ದು ಲಾಜಿಯೋಸ್-1. 1976ರಲ್ಲಿ ಮೇಲೆ ಹೋದ ಗುಂಡನೆಯ ಉಪಗ್ರಹ. ಅಡ್ಡಳತೆ 60 ಸೆಂ.ಮೀ., ತೂಕ 400 ಕೆ.ಜಿ.ಗೂ ಜಾಸ್ತಿ, ಮೈತುಂಬ 426 ಪ್ರತಿಫಲಕಗಳು. ಬ್ಯಾಟರಿ ಇಲ್ಲ, ರೇಡಿಯೋ ಇಲ್ಲ. ಸುಮಾರು 5,900 ಕಿ.ಮೀ. ಎತ್ತರದಲ್ಲಿ ಸುಮ್ನೆ ಸುತ್ತುತ್ತದೆ. ಬಂದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ಉಳಿದ ತಲೆನೋವೆಲ್ಲ ನೆಲದ ಮೇಲಿನ ಸಾಫ್ಟ್‌ವೇರಿಗೆ.

ಆ ತಲೆನೋವು ಸಣ್ಣದಲ್ಲ. ಇಲ್ಲಿನ ಲೇಸರ್ ಸೆಕೆಂಡಿಗೆ 2,000 ಸಲ ಮಿಡಿಯುತ್ತದೆ. ಲಾಜಿಯೋಸ್‌ಗೆ ಹೋಗಿ ಬರಲು ಬೆಳಕಿಗೆ ಬೇಕಾದದ್ದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು. ಅಂದರೆ ಒಂದು ಮಿಡಿತ ವಾಪಸ್ ಬರುವಷ್ಟರಲ್ಲಿ ಅದರ ಹಿಂದೆ ನೂರರ ಹತ್ತಿರ ಮಿಡಿತಗಳು ದಾರಿಯಲ್ಲಿರುತ್ತವೆ! ಯಾವುದು ಯಾವಾಗ ಹೊರಟಿತು, ಯಾವಾಗ ಬರಬೇಕು ಎಂಬ ಲೆಕ್ಕ ಪ್ರತಿಯೊಂದಕ್ಕೂ ಇಡಬೇಕು. ಮರಳಿದ ಬೆಳಕನ್ನು ಹಿಡಿಯುವ ಡಿಟೆಕ್ಟರ್ ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಬಂದರೂ ಎಣಿಸುವಂಥದ್ದು. ತೆರೆದೇ ಇಟ್ಟರೆ ಆಕಾಶದ ಮಿಣುಕು ಬೆಳಕನ್ನೂ ಎಣಿಸಿ ಕೂರುತ್ತದೆ. ಅದಕ್ಕೇ ಬೆಳಕು ಬರಬೇಕಾದ ಆ ಕ್ಷಣಕ್ಕಷ್ಟೇ ಅದನ್ನು ಎಬ್ಬಿಸುತ್ತಾರೆ. ಇನ್ನೊಂದು ತಮಾಷೆ ಇದೆ. ಈಗಷ್ಟೇ ಹೊರಟ ಮಿಡಿತ ಹತ್ತಿರದ ಗಾಳಿಯಲ್ಲೇ ಚದುರುತ್ತದೆ. ಅದೇ ಹೊತ್ತಿಗೆ ಹಳೆಯ ಮಿಡಿತವೊಂದು ಮರಳಿದರೆ ಡಿಟೆಕ್ಟರಿಗೆ ಕಾಣುವುದು ನಮ್ಮದೇ ಬೆಳಕು. ಹಾಗಾಗದಂತೆ ಪ್ರೋಗ್ರಾಂ ಹೊಡೆಯುವ ಸಮಯವನ್ನು ಒಂಚೂರು ಸರಿಸುತ್ತದೆ.

ಇದೆಲ್ಲ ಹೊಡೆಯುವ ಪ್ರೋಗ್ರಾಂ ಅಂದುಕೊಂಡೇ ಹೋಗಿದ್ದೆ. ಅದರ ಬುದ್ಧಿಯ ಬಹುಪಾಲು ಹೊಡೆಯದೇ ಇರುವುದರಲ್ಲಿದೆ. ಲೇಸರ್ ದಾರಿಯ ಹತ್ತಿರ ವಿಮಾನ ಬಂದರೂ ನಿಲ್ಲಿಸಬೇಕು. "ಉಪಗ್ರಹ ಕಾಯ್ಲಿ ಕಣೋ, ಪೈಲಟ್ ಕಣ್ಣು ಮುಖ್ಯ" ಅಂದ ಗೆಳೆಯ.

ಪರದೆಯ ಮೇಲೆ ಕಾಣುವುದು ಬರೀ ಚುಕ್ಕೆ. ಅಳೆದ ದೂರಕ್ಕೂ ಲೆಕ್ಕ ಹಾಕಿದ ದೂರಕ್ಕೂ ಇರುವ ವ್ಯತ್ಯಾಸ. ಮೊದಲಿಗೆ ರಾಗಿ ಚೆಲ್ಲಿದ ಹಾಗಿತ್ತು. ನೋಡ್ತಾ ನೋಡ್ತಾ ನಡುವೆ ಒಂದು ಗೆರೆ ದಟ್ಟವಾಯಿತು. ಅದು ಲಾಜಿಯೋಸ್! ಗೆರೆ ಸ್ವಲ್ಪ ವಾಲಿತ್ತು. ಉಪಗ್ರಹ ಲೆಕ್ಕಕ್ಕಿಂತ ಹಿಂದೆಯೋ ಮುಂದೆಯೋ ಇದ್ದರೆ ಹಾಗಾಗುತ್ತದಂತೆ. ಗೆಳೆಯ ಸಮಯ ತಿದ್ದಿದ, ಗೆರೆ ನೆಟ್ಟಗಾಯಿತು. ಯಾವ ಚುಕ್ಕೆ ನಿಜ, ಯಾವುದು ಕಸ ಅಂತ ಕೋಡ್ ಕೂಡ ಆರಿಸುತ್ತದೆ. ನನಗೇನೋ ಅಲ್ಲಿ ಮನುಷ್ಯನ ಕಣ್ಣೂ ಒಂದಿರಲಿ ಅನಿಸಿತು. ಕೊನೆಗೆ ಲಾಜಿಯೋಸ್‌ನ ಎರಡೆರಡು ನಿಮಿಷದ ಅಳತೆ ಸೇರಿ ಒಂದೊಂದೇ ಬಿಂದುವಾಗುತ್ತದೆ. 2,40,000 ಹೊಡೆತಕ್ಕೆ ಒಂದು ಬಿಂದು! ಭೂಮಿಯ ದ್ರವ್ಯರಾಶಿಯ ಕೇಂದ್ರ ಎಲ್ಲಿದೆ ಎಂದು ಗುರುತಿಸುವುದು ಇಂಥ ಬಿಂದುಗಳಿಂದಲೇ.

ಆಮೇಲೆ ಪಟ್ಟಿಯಲ್ಲಿ ಐಆರ್‌ಎನ್‌ಎಸ್‌ಎಸ್ ಎಂಬ ಹೆಸರು ಕಣ್ಣಿಗೆ ಬಿತ್ತು. ಜಿಪಿಎಸ್ ಥರ ದಾರಿ ತೋರಿಸುವ ನಮ್ಮ ನಾವಿಕ್ ಉಪಗ್ರಹಗಳೇ ಅಲ್ವಾ! ಅವುಗಳ ಮೇಲೂ ಪ್ರತಿಫಲಕಗಳಿವೆ. ನಾನು ಹಾಸನದವನು. ಅಲ್ಲಿನ ಇಸ್ರೋ ನಿಯಂತ್ರಣ ಕೇಂದ್ರದ ಡಿಶ್‌ಗಳನ್ನು ನೋಡುತ್ತಲೇ ಬೆಳೆದವನು. "ಅದಕ್ಕೆ ಹೊಡಿಯೋ" ಅಂತ ಗೋಗರೆದೆ. 36,000 ಕಿ.ಮೀ. ದೂರ, ವಾಪಸ್ ಬರುವ ಬೆಳಕು ತೀರಾ ಕಡಿಮೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಸಾಲಿಗೆ ಬರುವ ಹಾಗೆ ಕಂಡಿತು. ಅಷ್ಟರಲ್ಲಿ ಭೂಮಿಯ ಗುರುತ್ವ ಅಳೆಯುವ ಗ್ರೇಸ್-ಎಫ್‌ಒ ಉಪಗ್ರಹ ದಿಗಂತದ ಮೇಲೆ ಬಂತು. ಕೆಳಗಿನ ಕಕ್ಷೆಯವು ಕೆಲವೇ ನಿಮಿಷದಲ್ಲಿ ಹಾದುಹೋಗುವುದರಿಂದ ಅವಕ್ಕೇ ಮೊದಲ ಮಣೆ. ಗೆಳೆಯ ನನ್ನ ಮುಖ ಕೂಡ ನೋಡದೆ ಟೆಲಿಸ್ಕೋಪನ್ನು ಆ ಕಡೆ ತಿರುಗಿಸಿದ.