ಕಡ್ಡಿ ಗೋಡೌನು, ಹಾಳೆ ಬೋರ್ಡು: ಪುಟ್ಟಿಯ ಪಾಠ ಎಲ್ಲಿಗೆ ಬಂತು

ಹೊಸದಾಗಿ ಓದುವವರಿಗೆ ಒಂದೆರಡು ಮಾತು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮೂರಲ್ಲಿ, ಪಕ್ಕದ ಮನೆಯ ನಾಲ್ಕನೇ ಕ್ಲಾಸಿನ ಹುಡುಗಿಗೆ ಸಂಜೆ ಪಾಠ ಹೇಳಿಕೊಡುತ್ತಿದ್ದೇನೆ. ಇಲ್ಲಿ ಅವಳನ್ನು ಪುಟ್ಟಿ ಎನ್ನುತ್ತೇನೆ. ಮೂರನೇ ಕ್ಲಾಸಿನವರೆಗೆ ಅವಳು ಕಲಿತಿದ್ದು ನಲಿ-ಕಲಿಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ಪದ್ಧತಿ ಅದು. ಕಾರ್ಡು, ಹಾಡು, ಗುಂಪು ಕೆಲಸ ಅಂತ ಓಡಾಡಿಕೊಂಡು ಕಲಿತ ಮಗು ಒಮ್ಮೆಲೇ ಬೆಂಚು, ಪುಸ್ತಕದ ಮುಂದೆ ಕೂತರೆ ಕಷ್ಟ ಆಗುತ್ತೆ ಅಲ್ವಾ? ತೊಡಕಿದ್ದದ್ದು ಎರಡು ಕಡೆ: ಕಳೆಯುವ ಲೆಕ್ಕ ಮತ್ತು ಒತ್ತಕ್ಷರ.

ಜೂನ್, ಜುಲೈ

ಮಳೆ ಹಿಡಿದಿತ್ತು, ಪಾಠವೆಲ್ಲ ಜಗಲಿಯಲ್ಲೇ. 42ರಲ್ಲಿ 17 ಕಳೆ ಅಂದರೆ ಪುಟ್ಟಿ 35 ಬರೆಯುತ್ತಿದ್ದಳು. 7ರಲ್ಲಿ 2 ಕಳೆದು 5, 4ರಲ್ಲಿ 1 ಕಳೆದು 3. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅನ್ನೋದಷ್ಟೇ ಅವಳ ತಲೆಯಲ್ಲಿ ಕೂತಿತ್ತು.

ತೆಂಗಿನ ಗರಿ ಸೀಳಿ ಕಡ್ಡಿ ತೆಗೆದು, ಹತ್ತತ್ತರ ಕಟ್ಟು ಮಾಡಿ ಬಾಳೆ ನಾರಿನಲ್ಲಿ ಬಿಗಿದೆವು. ಜಗಲಿಯ ಮೂಲೆ ಅಳಿಲಿನ ಗೋಡೌನಾಯಿತು. ಪುಟ್ಟಿ ಅದರ ಸಾಹುಕಾರ್ತಿ, ನಾನು ಗಿರಾಕಿ. ಈ ಸ್ಥಾನ ಬಹಳ ಮುಖ್ಯ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಕೇಳುವವಳು ನಾನು, ಕೊಡುವವಳು ಅವಳು. ಆಟದ ಕಾನೂನು ಮಾಡುವವಳೂ ಅವಳೇ.

ಮೊದಲು ಮಂಗಟ್ಟೆ ಹಕ್ಕಿಯಾಗಿ ಹೋಗಿ ಗೂಡು ಕಟ್ಟೋಕೆ 17 ಕಡ್ಡಿ ಕೇಳಿದೆ. ಅವಳು ಒಪ್ಪಲಿಲ್ಲ. "ನಿಂಗ್ಯಾಕೆ ಕಡ್ಡಿ? ನೀನು ಮರದ ಪೊಟರೇಲಿ ಇರೋಳು!" ಸರಿಯಾದ ಮಾತು. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸಣ್ಣ ಸೀಳು ಮಾತ್ರ ಬಿಡುತ್ತದೆ. ಗಂಡು ಅದರಲ್ಲೇ ಹಣ್ಣು ತಂದು ಕೊಡುತ್ತದೆ. ಇದನ್ನು ಅವಳಿಗೆ ಹೇಳಿದ್ದು ಅವಳ ಅಜ್ಜ.

ಆಮೇಲೆ ಕಾಗೆಯಾಗಿ ಹೋದೆ. ಅವಳ ಹತ್ತಿರ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಬಿಡಿ ಎರಡನ್ನೂ ಕೊಟ್ಟು ನಿಂತಳು. "ದೊಡ್ಡಮ್ಮ, ಕಟ್ಟು ಬಿಚ್ಚದೆ ಹೆಂಗೆ ಕೊಡ್ಲಿ?" ನಾನು ಸುಮ್ನೆ ಕೊಕ್ಕು ಚಾಚಿಕೊಂಡೇ ಇದ್ದೆ. ನಾರು ಬಿಚ್ಚಿದಳು. ಉಳಿದದ್ದು 25. ಅವತ್ತಿನಿಂದ ಗೋಡೌನಿಗೊಂದು ಕಾನೂನು ಬಂತು: ಬಿಚ್ಚಿದ ಕಟ್ಟಿನ ಲೆಕ್ಕ ವಹಿಯಲ್ಲಿ ಬರೆಯಲೇಬೇಕು. ಹತ್ತರ ಸ್ಥಾನದ 4 ಹೊಡೆದು 3 ಬರೆಯುವುದು ಅವಳಿಗೆ ಅರ್ಥವಾಗಿದ್ದು ಹೀಗೆ.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಆಟದ ಬಗ್ಗೆ ಹೇಳಿದ ಎರಡು ಮಾತು ಇಲ್ಲಿ ನೆನಪಾಗುತ್ತೆ. ಕೋಲನ್ನು ಕುದುರೆ ಮಾಡಿಕೊಂಡ ಮಗು ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳೋದು ಕಲಿಯುತ್ತದೆ. ಹಾಗೇ, ಕಲ್ಪನೆಯ ಆಟದೊಳಗೂ ನಿಯಮ ಇರುತ್ತದೆ, ಮಗು ಅದನ್ನು ಖುಷಿಯಿಂದ ಪಾಲಿಸುತ್ತದೆ. ಕಡ್ಡಿಯಿಂದ ಅಂಕಿಗೆ ದಾಟುವಾಗ ಈ ಎರಡೂ ಬೇಕು.

ಸೆಪ್ಟೆಂಬರ್

ಮಳೆ ಕಡಿಮೆಯಾಯ್ತು, ಅಂಗಳಕ್ಕೆ ಇಳಿದೆವು. ಉಂಬಳ (ಜಿಗಣೆ) ಇನ್ನೂ ಇದ್ದವು, ಕಾಲಿಗೆ ಉಪ್ಪು ಸವರಿಕೊಂಡೇ ಓಡಾಟ.

ನನ್ನ ಪ್ರಕಾರ ಒತ್ತಕ್ಷರಕ್ಕೆ ಅಂಗಳಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ಕಲ್ಲು, ಮಣ್ಣು, ಹುಲ್ಲು, ಬಳ್ಳಿ, ಮೊಗ್ಗು, ಹಣ್ಣು, ಕಪ್ಪೆ, ಚಿಟ್ಟೆ, ಹಕ್ಕಿ. ಎಲ್ಲವೂ ಸಜಾತೀಯ ಒತ್ತು! ಪುಟ್ಟಿ ಈಗ ಕಾಡಿನ ಗಾರ್ಡು. ಕಾಡಿಗೆ ಬರುವವರು ದಾರಿ ತಪ್ಪಬಾರದು ಅಂತ ಬೋರ್ಡು ಹಾಕುವುದು ಅವಳ ಕೆಲಸ. ಒಣಗಿದ ಅಡಿಕೆ ಹಾಳೆ ಕತ್ತರಿಸಿ ಇದ್ದಿಲಿನಲ್ಲಿ ಬರೆದಳು. "ಕಪೆ" ಅಂತ ಬರೆದಿದ್ದ ಬೋರ್ಡು ಓದಿ, "ಇಲ್ಲಿ ಕಪೆ ಅನ್ನೋ ಪ್ರಾಣಿ ಯಾವುದು ಮೇಡಂ?" ಅಂತ ಪ್ರವಾಸಿಯಾಗಿ ಕೇಳಿದೆ. ಓಡಿ ಬಂದು ಒತ್ತು ಹಾಕಿದಳು. ಕೆಂಪು ಪೆನ್ನಿನ ಅವಶ್ಯಕತೆಯೇ ಬರಲಿಲ್ಲ.

ವಿಜಾತೀಯ ಒತ್ತಿಗೆ ತಲೆ ಎತ್ತಿ ನೋಡಿದೆವು: ಸೂರ್ಯ, ಚಂದ್ರ, ನಕ್ಷತ್ರ. ಇದು ನಿಧಾನ. ನಕ್ಷತ್ರ ಇನ್ನೂ ಅಲ್ಲಾಡುತ್ತಿದೆ.

ಮಾವಿನ ಮರದಲ್ಲಿ ಚಗಳಿ ಇರುವೆಯ ಗೂಡು ಸಿಕ್ಕಿದ್ದು ಲಾಭ. ದೊಡ್ಡ ಇರುವೆಗಳು ಎಲೆಗಳನ್ನು ಎಳೆದು ಜೋಡಿಸಿ ಹಿಡಿಯುತ್ತವೆ. ಇನ್ನು ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು, ಅವು ಬಿಡುವ ರೇಷ್ಮೆಯಂಥ ನೂಲಿನಿಂದ ಎಲೆ ಅಂಟಿಸುತ್ತವೆ. ಚಗಳಿ ಕಚ್ಚಿದರೆ ಉರಿ ಜಾಸ್ತಿ, ದೂರದಿಂದಲೇ ನೋಡಿದೆವು. ಆಮೇಲೆ ಅವಳು ತಾನಾಗೇ ಅರ್ಧ ಪುಟ ಬರೆದಳು. ಗಾರ್ಡಿನ ವರದಿಯಂತೆ!

ಇನ್ನೊಂದು ಮಾತು. ಎಣಿಸುವ ಆಟಕ್ಕೆ ಗುಲಗಂಜಿ ಬೇಡವೇ ಬೇಡ. ನೋಡೋಕೆ ಚೆಂದ, ಆದರೆ ಒಳಗೆ ಕಡು ವಿಷ. ಹುಣಸೆ ಬೀಜ ಸಾಕು.

ನವೆಂಬರ್, ಈಗ

ಎರಡಂಕಿ ಲೆಕ್ಕ ಕಡ್ಡಿ ಇಲ್ಲದೆ ಕಾಗದದ ಮೇಲೇ ಬರುತ್ತಿದೆ. ಅನುಮಾನ ಬಂದರೆ ಪಕ್ಕದಲ್ಲಿ ಕಟ್ಟಿನ ಚಿತ್ರ ಬರೆದುಕೊಳ್ಳುತ್ತಾಳೆ, ನಾನು ಬೇಡ ಅನ್ನುವುದಿಲ್ಲ. ನಡುವೆ ಸೊನ್ನೆ ಇರುವ ಲೆಕ್ಕ ಮಾತ್ರ ಇನ್ನೂ ಕಷ್ಟ. 402ರಲ್ಲಿ 157 ಕಳೆಯಬೇಕು ಅಂದರೆ ಹತ್ತರ ಮನೆಯಲ್ಲಿ ಬಿಚ್ಚೋಕೆ ಕಟ್ಟೇ ಇಲ್ಲ. ಅದಕ್ಕೆ ಹತ್ತು ಕಟ್ಟು ಸೇರಿಸಿ ನೂರರ ಹೊರೆ ಕಟ್ಟಿದ್ದೇವೆ. ಹೊರೆ ಬಿಚ್ಚಿ ಕಟ್ಟು, ಕಟ್ಟು ಬಿಚ್ಚಿ ಕಡ್ಡಿ. ನಿನ್ನೆ 245 ಸರಿಯಾಗಿ ಬಂತು, ಆದರೆ ಗೋಡೌನಿನಲ್ಲಿ ಮಾತ್ರ. ವಹಿಯಲ್ಲಿ ಇನ್ನೂ ಬಂದಿಲ್ಲ.

ಮುಂದೆ ಭಾಗಾಕಾರ. ಅದಕ್ಕೆ ಅಟ್ಟದಿಂದ ಅಳಗುಳಿ ಮಣೆ ಇಳಿಸಿ ಒರೆಸಿಟ್ಟಿದ್ದೇನೆ. 14 ಗುಳಿ, ಗುಳಿಗೆ ಐದರಂತೆ 70 ಹುಣಸೆ ಬೀಜ. ಈ ಸಲ ಯಾವ ಪ್ರಾಣಿಯ ಮನೆಯಲ್ಲಿ ಊಟ ಹಂಚಬೇಕು ಅಂತ ಪುಟ್ಟಿ ಇನ್ನೂ ತೀರ್ಮಾನ ಮಾಡಿಲ್ಲ.