ಕುಲಾವಿ ಚಿಕ್ಕದಾಗಿದ್ದಲ್ಲ

ಮುಂಬಯಿಯ ಶಾಲೆಗಳು ತೆರೆಯುವುದು ಜೂನ್ ಮಧ್ಯದಲ್ಲಿ. ಹೊಸ ಮಕ್ಕಳ ಅಳು ನಿಲ್ಲುವಷ್ಟರಲ್ಲಿ ಜುಲೈ ಬರುತ್ತದೆ, ಜೊತೆಗೆ ಬಿಡದ ಮಳೆ. ‘ನಾವು ದೊಡ್ಡವರಾದೆವು’ ಪಾಠಕ್ಕೆ ಇದೇ ಸರಿಯಾದ ಕಾಲ, ಏಕೆಂದರೆ ಪಾಠಕ್ಕೆ ಬೇಕಾದ ರೇನ್‌ಕೋಟು ಪ್ರತಿ ಮಗುವಿನ ಮೈಮೇಲೇ ಬಂದಿರುತ್ತದೆ. ಮುಲುಂಡಿನ ಕನ್ನಡದವರ ಬಾಲವಾಡಿಯೊಂದರಲ್ಲಿ ಮೂರೂವರೆಯಿಂದ ನಾಲ್ಕು ವರ್ಷದ 16 ಮಕ್ಕಳ ಜೊತೆ ಆ ದಿನ ಕಳೆದದ್ದು ಹೀಗೆ.

ಹುಟ್ಟಿದಾಗ ತೊಡಿಸಿದ ಒಂದು ಬಟ್ಟೆ ಕಳಿಸಿ ಎಂದು ಮನೆಗಳಿಗೆ ಮೊದಲೇ ಹೇಳಿತ್ತು. ಜಬಲ, ಕಾಲುಚೀಲ, ಅಜ್ಜಿ ಹೊಲಿದ ಕುಲಾವಿ ಎಲ್ಲ ಬಂದವು. ಒಬ್ಬ ಹುಡುಗ ಕುಲಾವಿಯನ್ನು ತಲೆಗೆ ಎಳೆದ. ಅದು ಇಡ್ಲಿಯ ಮೇಲೆ ಬೆಣ್ಣೆ ಕೂತಂತೆ ನೆತ್ತಿಯಲ್ಲೇ ಕೂತಿತು. “ಟೀಚರ್, ಇದು ಚಿಕ್ಕದಾಗೋಯ್ತು” ಅಂದ. ಈ ವಯಸ್ಸಿಗೆ ಅದು ಸಹಜವಾದ ಉತ್ತರ, ಬದಲಾದದ್ದು ಬಟ್ಟೆಯೇ ಎಂದು ಮಕ್ಕಳಿಗೆ ಕಾಣುತ್ತದೆ. “ಅಲ್ಲಪ್ಪ, ನೀನು ಬೆಳೆದಿದ್ದೀಯ” ಎಂದು ಬಾಯಲ್ಲಿ ತಿದ್ದಿದರೆ ಮಗು ತಲೆಯಾಡಿಸುತ್ತದೆ, ಒಪ್ಪುವುದಿಲ್ಲ. ಟೀಚರ್ ಅದೇ ಕುಲಾವಿಯನ್ನು ಗೊಂಬೆಗೆ ಹಾಕಿದರು. ಸರಿಯಾಗಿ ಕೂತಿತು. ಹುಡುಗ ಅದನ್ನು ತೆಗೆದು ತನಗೆ ಹಾಕಿಕೊಂಡ, ಮತ್ತೆ ಗೊಂಬೆಗೆ ಹಾಕಿದ. ಹೀಗೆ ನಾಲ್ಕು ಸಲ.

ಆಮೇಲೆ ದಾರ. ಹುಟ್ಟುವಾಗ ಮಗುವಿನ ಉದ್ದ ಸುಮಾರು 50 ಸೆಂ.ಮೀ., ನಾಲ್ಕು ತುಂಬುವಾಗ ಸುಮಾರು 100. ಕೆಂಪು ದಾರ 50ಕ್ಕೆ ಕತ್ತರಿಸಿಟ್ಟು, ಹಳದಿ ದಾರವನ್ನು ಮಲಗಿದ ಮಗುವಿನ ತಲೆಯಿಂದ ಹಿಮ್ಮಡಿಯವರೆಗೆ ಹಿಡಿದು ಕತ್ತರಿಸಬೇಕು. ಎರಡನ್ನೂ ಆ ಮಗುವಿನ ಕೈಗೇ ಕೊಡಬೇಕು. ಎಲ್ಲರ ದಾರವನ್ನು ಗೋಡೆಗೆ ಸಾಲಾಗಿ ಅಂಟಿಸುವುದು ಖಂಡಿತ ಬೇಡ. ಪಾಠ ಬೆಳವಣಿಗೆಯದ್ದು, ಸಾಲಾಗಿ ಅಂಟಿಸಿದರೆ ಕುಳ್ಳಗಿರುವ ಮಗು ಬೇರೆಯೇ ಪಾಠ ಕಲಿತು ಮನೆಗೆ ಹೋಗುತ್ತದೆ.

ಇದಕ್ಕೆಲ್ಲ ದುಬಾರಿ ಸಾಮಾನು ಬೇಕಿಲ್ಲ. ಶಿಶುಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಇದೇ ಕರಾವಳಿಯ ಬೋರ್ಡಿ ಎಂಬ ಊರಿನಲ್ಲಿ ಹಳ್ಳಿ ಮಕ್ಕಳಿಗೆ ಕಲಿಸತೊಡಗಿದಾಗ ಅಲ್ಲೇ ಸಿಗುವ ಅಗ್ಗದ ವಸ್ತುಗಳನ್ನೇ ಬಳಸಿದ್ದರು.

ಇನ್ನು ರೇನ್‌ಕೋಟು. ದೊಡ್ಡವರಾದ ಮೇಲೆ ಅದನ್ನು ತಾವೇ ಹಾಕಿಕೊಳ್ಳಬೇಕಲ್ಲ. ಶಾಲೆ ಬಿಡುವುದು 12ಕ್ಕೆ, ತಯಾರಿ ಶುರುವಾದದ್ದು 11.30ಕ್ಕೆ. ಈ ಅರ್ಧ ಗಂಟೆ ಇಡದಿದ್ದರೆ ಉಳಿದ ಯಾವ ಉಪಾಯವೂ ನಡೆಯದು, ಕೊನೆಗೆ ಮಾವಶಿಯೇ (ಶಾಲೆಯ ಆಯಾ) ಎಲ್ಲರಿಗೂ ತೊಡಿಸಬೇಕಾಗುತ್ತದೆ. ಗುಂಡಿ ಬಿಚ್ಚಿದ ಕೋಟನ್ನು ಒಳಭಾಗ ಮೇಲಾಗಿ ನೆಲಕ್ಕೆ ಹಾಸಬೇಕು. ಕಾಲರು, ಟೋಪಿ ಇರುವ ಕಡೆ ಮಗುವಿನ ಕಾಲ್ಬೆರಳ ಹತ್ತಿರ ಬರಬೇಕು. ಬಗ್ಗಿ ಎರಡು ತೋಳಿಗೂ ಕೈ ತೂರಿಸಿ, ಕೈಗಳನ್ನು ಮೇಲೆತ್ತಿ ತಲೆಯ ಹಿಂದಕ್ಕೆ ಹಾಕಿದರೆ ಕೋಟು ಬೆನ್ನಿಗೆ ಜಾರುತ್ತದೆ. ಕೋಟಿನ ಕೆಳಗಿನ ಅಂಚಿನ ಕಡೆ ನಿಂತರೆ ಕೋಟು ತಲೆಕೆಳಗಾಗಿ ಬರುತ್ತದೆ. ಆ ದಿನ ಐವರಿಗೆ ಹಾಗೇ ಆಯಿತು. ನೆಲಕ್ಕೆ ಚಾಕಿನಲ್ಲಿ ಎರಡು ಪಾದ ಬರೆದ ಮೇಲೆ ತಪ್ಪು ನಿಂತಿತು. ತೋಳಿನ ಒಳಗೆ ಒದ್ದೆಯಿದ್ದರೆ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿ ಕೈ ಮುಂದೆ ಹೋಗದು, ಮಗು ತನಗೆ ಬರುವುದಿಲ್ಲ ಅಂದುಕೊಳ್ಳುತ್ತದೆ. ಮೊದಲು ಒರೆಸಬೇಕು.

ಟಿಚ್‌ಬಟನ್ ಕೆಳಗಿನಿಂದ ಹಾಕಿಸಬೇಕು, ಕುತ್ತಿಗೆಯ ಗುಂಡಿ ಮಗುವಿನ ಕಣ್ಣಿಗೆ ಕಾಣುವುದೇ ಇಲ್ಲ. ಜಿಪ್ಪಾದರೆ ಬುಡದಲ್ಲಿ ಸೇರಿಸಿಕೊಡುವುದು ದೊಡ್ಡವರು, ಮೇಲಕ್ಕೆ ಎಳೆಯುವುದು ಮಗು. ಹೀಗೆ ಕೊನೆಯ ಕೆಲಸ ಮಗುವಿನದಾದರೆ “ಮೀಚ್ ಕೇಲಂ, ನಾನೇ ಮಾಡಿದೆ” ಎಂದು ಎರಡು ಭಾಷೆಯಲ್ಲಿ ಕೂಗುತ್ತಾ ಬರುತ್ತದೆ. ಗಮ್‌ಬೂಟಿಗೆ ಒಳಮಗ್ಗುಲಲ್ಲಿ ಒಂದೊಂದು ಬಿಳಿ ಚುಕ್ಕೆ ಸಾಕು: ಚುಕ್ಕೆಗಳು ಮುಖಾಮುಖಿಯಾದರೆ ಎಡಬಲ ಸರಿ. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ನಂಬರು ದೊಡ್ಡ ಬೂಟು ಕೊಡಿಸಬೇಡಿ, ಮಗು ಮೆಟ್ಟಿಲಲ್ಲಿ ಮುಗ್ಗರಿಸುತ್ತದೆ.

ಗೇಟಿನಲ್ಲಿ ಅಜ್ಜಿಯೊಬ್ಬರು ಅರ್ಧ ಹಾಕಿದ ಗುಂಡಿಗೆ ಕೈ ಚಾಚಿದರು. “ತಡೀರಿ ಅಜ್ಜಿ, ಇನ್ನೆರಡೇ ಇವೆ” ಅಂದರು ಟೀಚರ್. ಅಜ್ಜಿ ಕೊಡೆ ಹಿಡಿದು ನಿಂತರು.

ಮನೆಗೆ ಹೇಳಿ ಕಳಿಸಿದ್ದು ಒಂದೇ: ಮಗುವಿನ ಭುಜದ ಎತ್ತರಕ್ಕೆ ಒಂದು ಕೊಕ್ಕೆ ಹೊಡೆಯಿರಿ, ರಾತ್ರಿ ಕೋಟಿನ ಒಳಭಾಗ ಹೊರಮಾಡಿ ಮಗುವಿನ ಕೈಯಲ್ಲೇ ತೂಗುಹಾಕಿಸಿ, ಫ್ಯಾನ್ ಹಾಕಿ.